ಸ್ಥಿರ ಜಾಲತಾಣಗಳ ಮುಂದೆ ಕ್ಯಾಡಿ ಪ್ರಾಕ್ಸಿ: ದೀರ್ಘ ಬಳಕೆಯ ನಂತರದ ಅಭಿಪ್ರಾಯ

ಅಮೆಜಾನ್‌ನ ಕ್ಲೌಡ್ ಸಂಗ್ರಹ ಸೇವೆಯಾದ ಎಸ್3ನ ಬಕೆಟ್‌ಗಳಲ್ಲಿ (ಕಡತಗಳನ್ನಿಡುವ ಜಾಗಗಳಲ್ಲಿ) ಇರುವ ಸ್ಥಿರ ಜಾಲತಾಣಗಳಿಗೆ, ಅಂದರೆ ಸಿದ್ಧ ಕಡತಗಳನ್ನು ಹಾಗೆಯೇ ಕೊಡುವ ತಾಣಗಳಿಗೆ, ಗ್ರಾಹಕರ ಸ್ವಂತ ಡೊಮೇನ್‌ಗಳನ್ನು ಜೋಡಿಸಲು ನಾನು ಕೆಲವು ವರ್ಷಗಳಿಂದ ಕ್ಯಾಡಿ ಎಂಬ ವೆಬ್ ಸರ್ವರನ್ನು ರಿವರ್ಸ್ ಪ್ರಾಕ್ಸಿಯಾಗಿ (ಸಂದರ್ಶಕರ ವಿನಂತಿಗಳನ್ನು ಪಡೆದು ಮೂಲ ಸರ್ವರಿಗೆ ದಾಟಿಸುವ ಮಧ್ಯವರ್ತಿಯಾಗಿ) ಬಳಸುತ್ತಿದ್ದೇನೆ. ಎಸ್3ನ ವೆಬ್‌ಸೈಟ್ ಎಂಡ್‌ಪಾಯಿಂಟ್‌ನಲ್ಲಿ (ಬಕೆಟನ್ನು ತಾಣವಾಗಿ ತೋರಿಸುವ ವಿಳಾಸದಲ್ಲಿ) ಎಚ್‌ಟಿಟಿಪಿಎಸ್ ಸೌಲಭ್ಯವಿಲ್ಲ. ಡೊಮೇನನ್ನು ನೇರವಾಗಿ ಅದರತ್ತ ತಿರುಗಿಸಿದರೆ ಬಕೆಟ್‌ಗೂ ಡೊಮೇನ್‌ಗೂ ಒಂದೇ ಹೆಸರಿರಬೇಕು. ಆ ಹೆಸರಿನ ಬಕೆಟನ್ನು ಬೇರೆ ಯಾರೋ ಮೊದಲೇ ಮಾಡಿಕೊಂಡಿದ್ದರೆ ಆ ದಾರಿ ಅಲ್ಲಿಗೇ ಮುಚ್ಚಿತು. ಪ್ರಾಕ್ಸಿ ಈ ಎರಡೂ ತೊಡಕುಗಳನ್ನು ಬಿಡಿಸುತ್ತದೆ.

ಇಡೀ ವ್ಯವಸ್ಥೆ ನಿಂತಿರುವುದು ಹೋಸ್ಟ್ ಹೆಡರ್ ಮೇಲೆ, ಅಂದರೆ ಯಾವ ತಾಣ ಬೇಕೆಂದು ವಿನಂತಿಯಲ್ಲಿ ಹೇಳುವ ಸಾಲಿನ ಮೇಲೆ. ಸಂದರ್ಶಕರ ಡೊಮೇನ್ ಹೆಸರನ್ನು ಹಾಗೆಯೇ ಮುಂದಕ್ಕೆ ಕಳುಹಿಸಿದರೆ ಎಸ್3 ಅದೇ ಹೆಸರಿನ ಬಕೆಟ್ ಹುಡುಕಿ, ಸಿಗದೆ, 404 ದೋಷವನ್ನು ಹಿಂದಿರುಗಿಸುತ್ತದೆ. ಆದ್ದರಿಂದ ಆ ಹೆಡರ್‌ನಲ್ಲಿ ಎಂಡ್‌ಪಾಯಿಂಟ್‌ನ ಹೆಸರನ್ನು ಬರೆದು ಕಳುಹಿಸಬೇಕು. ಕ್ಯಾಡಿಯಲ್ಲಿ ಇದು ಒಂದೇ ಸಾಲಿನ ಕೆಲಸ. ಎಂಜಿನ್‌ಎಕ್ಸ್ ಎಂಬ ಇನ್ನೊಂದು ವೆಬ್ ಸರ್ವರಿನಲ್ಲೂ ಸಾಧ್ಯ, ಆದರೆ ಅಲ್ಲಿ ಮೂಲ ಸರ್ವರಿನ ಹೆಸರನ್ನು ನೇರವಾಗಿ ಬರೆದರೆ ಐಪಿ ವಿಳಾಸವನ್ನು ಆರಂಭದಲ್ಲಿ ಮಾತ್ರ ಹುಡುಕಿಕೊಳ್ಳುತ್ತದೆ, ಕ್ಲೌಡ್‌ನ ವಿಳಾಸಗಳೋ ಆಗಾಗ ಬದಲಾಗುವಂಥವು.

ನಾನು ಕ್ಯಾಡಿಯನ್ನು ಬಿಡದಿರಲು ಮುಖ್ಯ ಕಾರಣ ಎಚ್‌ಟಿಟಿಪಿಎಸ್‌ಗೆ ಬೇಕಾದ ಸರ್ಟಿಫಿಕೇಟ್‌ಗಳ ನಿರ್ವಹಣೆ. ಹೊಸ ಡೊಮೇನಿಗೆ ಮೊದಲ ಸಂಪರ್ಕ ಬಂದಾಗಲೇ ಅದು ಉಚಿತವಾಗಿ ಸರ್ಟಿಫಿಕೇಟ್ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯಿಂದ ಸರ್ಟಿಫಿಕೇಟ್ ಪಡೆದು, ಅವಧಿ ಮುಗಿಯುವ ಮುನ್ನ ತಾನೇ ನವೀಕರಿಸುತ್ತದೆ. ಆದರೆ ಆ ಡೊಮೇನ್ ನಮ್ಮ ಗ್ರಾಹಕರದ್ದೇ ಎಂದು ಪರಿಶೀಲಿಸುವ ಪುಟ್ಟ ಸೇವೆಯೊಂದನ್ನು ಜೊತೆಗೆ ಕಟ್ಟಲೇಬೇಕು, ಇಲ್ಲದಿದ್ದರೆ ಯಾರು ಬೇಕಾದರೂ ತಮ್ಮ ಡೊಮೇನ್‌ಗಳನ್ನು ನಮ್ಮತ್ತ ತಿರುಗಿಸಿ ಸರ್ಟಿಫಿಕೇಟ್‌ಗಳ ಮಿತಿಯನ್ನು ಬರಿದು ಮಾಡಬಹುದು.

ಕೊರತೆಗಳೂ ಇವೆ. ಬಕೆಟ್ ಎಷ್ಟೇ ಭದ್ರವಾಗಿದ್ದರೂ ಈಗ ಎಲ್ಲ ತಾಣಗಳೂ ಒಂದು ಯಂತ್ರವನ್ನು ನೆಚ್ಚಿಕೊಂಡಿವೆ. ಮೂಲ ಡೊಮೇನಿನಲ್ಲಿ (ಮುಂದೆ www ಮುಂತಾದುದು ಇಲ್ಲದ ಹೆಸರಿನಲ್ಲಿ) ಸಿ-ನೇಮ್ ದಾಖಲೆ, ಅಂದರೆ ಒಂದು ಹೆಸರನ್ನು ಇನ್ನೊಂದು ಹೆಸರಿನತ್ತ ತಿರುಗಿಸುವ ದಾಖಲೆ, ಇಡಲು ಡಿಎನ್‌ಎಸ್ (ಡೊಮೇನ್ ಹೆಸರುಗಳಿಗೆ ವಿಳಾಸ ಹುಡುಕುವ ವ್ಯವಸ್ಥೆ) ನಿಯಮ ಒಪ್ಪುವುದಿಲ್ಲವಾದ್ದರಿಂದ ಹಲವು ಗ್ರಾಹಕರು ನಮ್ಮ ಐಪಿ ವಿಳಾಸವನ್ನೇ ಎ ದಾಖಲೆಯಲ್ಲಿ (ಹೆಸರಿಗೆ ನೇರವಾಗಿ ಐಪಿ ಜೋಡಿಸುವ ದಾಖಲೆಯಲ್ಲಿ) ಬರೆದಿರುತ್ತಾರೆ. ಆ ವಿಳಾಸವನ್ನು ಕಾಯ್ದಿರಿಸಿಕೊಳ್ಳದೆ ಯಂತ್ರ ಬದಲಿಸಿದರೆ ದಾಖಲೆ ಬದಲಿಸಿ ಎಂದು ಅವರೆಲ್ಲರನ್ನೂ ಒಬ್ಬೊಬ್ಬರಾಗಿ ಕೇಳಿಕೊಳ್ಳಬೇಕಾಗುತ್ತದೆ. ಕ್ಯಾಡಿಯ ಮೂಲ ಆವೃತ್ತಿಯಲ್ಲಿ ಪುಟಗಳ ಕ್ಯಾಶ್ (ಮತ್ತೆ ಕೊಡಲು ಪ್ರತಿ ಉಳಿಸಿಕೊಳ್ಳುವ ಸೌಲಭ್ಯ) ಇಲ್ಲ, ಅದಕ್ಕೆ ಪ್ರತ್ಯೇಕ ಪ್ಲಗಿನ್ ಬೇಕು. ಒಂದೆರಡು ತಾಣಗಳಷ್ಟೇ ಇರುವವರಿಗೆ ಅಮೆಜಾನ್‌ನ ಕ್ಲೌಡ್‌ಫ್ರಂಟ್‌ನಂಥ ಸಿಡಿಎನ್ (ತಾಣದ ಪ್ರತಿಗಳನ್ನು ಹಲವು ಕಡೆಯ ಸರ್ವರ್‌ಗಳಿಂದ ಕೊಡುವ ಸೇವೆ) ಸಾಕು ಎಂಬುದು ನನ್ನ ಅಭಿಪ್ರಾಯ.

ಇನ್ನೊಂದು ಸಂಗತಿ ಸುಲಭವಾಗಿ ಕಣ್ತಪ್ಪುತ್ತದೆ. ವೆಬ್‌ಸೈಟ್ ಎಂಡ್‌ಪಾಯಿಂಟ್ ಬಳಸಲು ಬಕೆಟನ್ನು ಎಲ್ಲರಿಗೂ ತೆರೆದಿಟ್ಟಿದ್ದರೆ, ಅದರ ವಿಳಾಸ ಬಲ್ಲವರು ಪ್ರಾಕ್ಸಿಯನ್ನು ಬದಿಗಿಟ್ಟು ನೇರವಾಗಿ ಒಳಬರಬಹುದು. ಬಕೆಟ್ ನೀತಿಯಲ್ಲಿ ಪ್ರಾಕ್ಸಿಯ ಐಪಿಗೆ ಮಾತ್ರ ಓದುವ ಅನುಮತಿ ನೀಡಿದರೆ ಆ ದಾರಿ ಮುಚ್ಚುತ್ತದೆ.