ಬೆಳಗಾವಿ–ಬೆಂಗಳೂರು: ವಿಮಾನವೋ, ರೈಲೋ?

ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಿಂದ ಬೆಂಗಳೂರಿನ ದೇವನಹಳ್ಳಿ ನಿಲ್ದಾಣಕ್ಕೆ ನೇರ ಗೆರೆ ಎಳೆದರೆ ಸುಮಾರು 445 ಕಿ.ಮೀ. ವಿಮಾನಕ್ಕೆ ಒಂದೂಕಾಲು ಗಂಟೆಯ ದಾರಿ. ಸುಮ್ನೆ ಅಷ್ಟನ್ನೇ ಲೆಕ್ಕ ಹಿಡಿಯಬೇಡಿ. ಊರಿಂದ ಸಾಂಬ್ರಾಗೆ ಹತ್ತು ಕಿ.ಮೀ. ಹೋಗಬೇಕು, ತಪಾಸಣೆಗೆ ಮೊದಲೇ ಕಾಯಬೇಕು. ಇಳಿದ ಮೇಲೆ ಮೆಜೆಸ್ಟಿಕ್‌ಗೆ ಇನ್ನೂ 35 ಕಿ.ಮೀ. ಇದೆ. ಹೆಬ್ಬಾಳದ ಟ್ರಾಫಿಕ್ ಬೇರೆ! ಮನೆಯಿಂದ ಮನೆಗೆ ಐದು ಗಂಟೆ ಹಿಡಿದುಕೊಳ್ಳಿ.

2025ರ ಆಗಸ್ಟ್‌ನಲ್ಲಿ ಶುರುವಾದ ವಂದೇ ಭಾರತ್‌ಗೆ ಸುಮಾರು 610 ಕಿ.ಮೀ., ಎಂಟೂವರೆ ಗಂಟೆ. ನಸುಕಿನಲ್ಲೇ ಹೊರಡುತ್ತದೆ, ಮೆಜೆಸ್ಟಿಕ್ ಎದುರಿಗೇ ಇಳಿಸುತ್ತದೆ. ಅಷ್ಟು ಬೇಗ ಏಳೋದು ಬೇಡವೇ? ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿ ಮಲಗಿ, ಬೆಳಿಗ್ಗೆ ಬೆಂಗಳೂರು.

ವಿಮಾನ ನಿಲ್ದಾಣದ ದಾರಿಯಲ್ಲೇ ಇರುವ ಯಲಹಂಕದ ಕಡೆ ಕೆಲಸವಿದ್ದರೆ ವಿಮಾನವೇ ಸರಿ. ಕುಂದಾ ಡಬ್ಬಿ, ಗಂಟುಮೂಟೆ ಜಾಸ್ತಿ ಇದ್ದರೆ ನನ್ನ ಓಟು ರೈಲಿಗೆ.