ದೋಟಿ ತುದಿಗೆ ಕಟ್ಟಿದ ರಾಸ್ಪ್‌ಬೆರಿ ಪೈ ಝೀರೋ 2 ಡಬ್ಲ್ಯೂ

ನಾನು ಶಿವಮೊಗ್ಗದಲ್ಲಿ ಎಂ.ಟೆಕ್ ಓದುತ್ತಿದ್ದೇನೆ. ಊರು ಹೊಸನಗರದ ಕಡೆ. ಮನೆ ಗುಡ್ಡದ ಓರೆಯಲ್ಲಿ, ಅಡಿಕೆ ತೋಟ ಕೆಳಗೆ. ಫೋನ್ ಸಿಗ್ನಲ್ ಬೇಕಂದರೆ ಗುಡ್ಡದ ನೆತ್ತಿ ಹತ್ತಬೇಕು. ನನ್ನ ಪ್ರಾಜೆಕ್ಟೂ ಇದರದ್ದೇ: ಟವರ್ ಇಲ್ಲದ ಕಡೆ ವೈಫೈ ಹೊತ್ತ ಡ್ರೋನ್ ಎಲ್ಲಿ ನಿಲ್ಲಬೇಕು, ಅದರಲ್ಲಿ ಏನೇನು ತುಂಬಿಡಬೇಕು? ಡ್ರೋನ್ ಕೊಳ್ಳಲು ದುಡ್ಡಿರಲಿಲ್ಲ. ಅದಕ್ಕೇ ರಾಸ್ಪ್‌ಬೆರಿ ಪೈ ಝೀರೋ 2 ಡಬ್ಲ್ಯೂ ಎಂಬ ಈ ಪುಟ್ಟ ಕಂಪ್ಯೂಟರ್ ಬೋರ್ಡನ್ನು ಅಡಿಕೆ ಕೊನೆ ಕೊಯ್ಯುವ ಉದ್ದನೆಯ ದೋಟಿಯ ತುದಿಗೆ ಕಟ್ಟಿದೆ. (ಕರೆಂಟ್ ತಂತಿ ಹತ್ತಿರ ಮಾತ್ರ ಬೇಡ. ಕಾರ್ಬನ್ ಫೈಬರ್ ದೋಟಿಯಲ್ಲಿ ಕರೆಂಟ್ ಹರಿಯುತ್ತದೆ.)

2021ರಲ್ಲಿ ಬಂದ ಬೋರ್ಡ್ ಇದು. 65 ಮಿ.ಮೀ. ಉದ್ದ, 30 ಮಿ.ಮೀ. ಅಗಲ. ರ್‍ಯಾಮ್ 512 ಎಂಬಿ. ಇಂಟರ್ನೆಟ್ ಇಲ್ಲದೆ ವಿಕಿಪೀಡಿಯ ಓದಿಸುವ ಕಿವಿಕ್ಸ್ ಎಂಬ ತಂತ್ರಾಂಶ ಹಾಕಿ ಕನ್ನಡ ವಿಕಿಪೀಡಿಯ ತೋರಿಸಲು ಅಷ್ಟು ಸಾಕಾಯಿತು.

ಎತ್ತರದ ಪಾಠ ತೋಟದಲ್ಲೇ ಸಿಕ್ಕಿತು. ಹನ್ನೆರಡು ಅಡಿಯಲ್ಲಿ ಕಾಂಡಗಳ ನಡುವೆ ಸಿಗ್ನಲ್ ಪಂಪ್‌ಸೆಟ್ ಮನೆವರೆಗೂ ಹೋಯಿತು. ಸೋಗೆಗಳ ಮಟ್ಟಕ್ಕೆ ಏರಿಸಿದೆ, ಕಡಿದುಹೋಯಿತು. ಇದರ ವೈಫೈ 2.4 ಗಿಗಾಹರ್ಟ್ಸ್ ಮಾತ್ರ, ಮಳೆಯಲ್ಲಿ ನೆಂದ ಎಲೆ ಅದನ್ನು ಹೀರಿಬಿಡುತ್ತದೆ. ಸೋಗೆ ದಾಟಿಸಿದೆ. ಮನೆ ಜಗಲಿಯಲ್ಲಿ ಪೂರ್ತಿ ಕಡ್ಡಿ ಬಂತು, ಆದರೆ ತೋಟದೊಳಗಿನವರಿಗೆ ಏನೂ ಇಲ್ಲ! ಡ್ರೋನ್ ಮೇಲೆ ಹೋದಷ್ಟೂ ಅಡ್ಡ ಕಡಿಮೆ, ದೂರ ಜಾಸ್ತಿ. ಎಲ್ಲರಿಗೂ ಒಪ್ಪುವ ಎತ್ತರ ಎಂಬುದಿಲ್ಲ. ಯಾರಿಗೆ ಬೇಕು ಅಂತ ಮೊದಲು ಕೇಳಬೇಕು, ಅಲ್ವಾ?

ಒಂದು ತೊಂದರೆ ಹೇಳಲೇಬೇಕು. ಬೋರ್ಡ್ ಎಳೆಯುವ ಕರೆಂಟ್ ಎಷ್ಟು ಕಡಿಮೆಯೆಂದರೆ, ನನ್ನ ಪವರ್ ಬ್ಯಾಂಕ್ ಏನೂ ಸಿಕ್ಕಿಸಿಲ್ಲ ಅಂದುಕೊಂಡು ಆಗಾಗ ಆಫ್ ಆಗುತ್ತಿತ್ತು. ಪವರ್ ಬ್ಯಾಂಕ್ ಬದಲಿಸಿದ ಮೇಲೆ ಸರಿಯಾಯಿತು.

ಇನ್ನು ಕ್ಯಾಶಿಂಗ್, ಅಂದರೆ ಜನ ಕೇಳಬಹುದಾದದ್ದನ್ನು ಮೊದಲೇ ತುಂಬಿಡುವುದು. ಮಳೆಗಾಲಕ್ಕೆ ಮುಂಚೆ ಕಟ್ಟಿಗೆ ಕೂಡಿಡುತ್ತೇವಲ್ಲ, ಹಾಗೇ ಇದು. ಅಣ್ಣ ವಾರಕ್ಕೊಮ್ಮೆ ಪೇಟೆಗೆ ಹೋದಾಗ 32 ಜಿಬಿ ಕಾರ್ಡ್ ತುಂಬಿಸಿ ತರುತ್ತಾನೆ. ಮೊದಲು ನನಗೆ ಇಷ್ಟ ಬಂದದ್ದನ್ನೆಲ್ಲ ತುಂಬಿಸಿದ್ದೆ. ಯಾರು ಏನು ತೆರೆದರೆಂದು ಬೋರ್ಡ್ ಬರೆದಿಡುವ ಲಾಗ್ ನೋಡಿದರೆ ಜಗಲಿಯಲ್ಲಿ ಮಕ್ಕಳು ತೆರೆದದ್ದೆಲ್ಲ ಎಸ್ಸೆಸ್ಸೆಲ್ಸಿ ಲೆಕ್ಕದ ಹಳೇ ಪ್ರಶ್ನೆಪತ್ರಿಕೆ. ತೋಟದಲ್ಲಿ ಕೇಳಿದ್ದು ತಾಳಮದ್ದಳೆಯ ಆಡಿಯೋ. ಅಂದರೆ ದೋಟಿ ಎಷ್ಟು ಎತ್ತರದಲ್ಲಿದೆ ಅನ್ನುವುದರ ಮೇಲೆ ಕಾರ್ಡಿನಲ್ಲಿ ಏನಿರಬೇಕು ಅನ್ನುವುದೂ ಬದಲಾಗುತ್ತದೆ. ಎರಡನ್ನೂ ಬೇರೆಬೇರೆ ಲೆಕ್ಕ ಹಾಕಿದ್ದೇ ನನ್ನ ತಪ್ಪು.

ಬೋರ್ಡ್ ನನಗೆ ತುಂಬಾ ಹಿಡಿಸಿದೆ. ಇನ್ನೊಂದು ತರಿಸಿದ್ದೇನೆ. ಅದು ಹನ್ನೆರಡು ಅಡಿಯಲ್ಲಿ ತಾಳಮದ್ದಳೆ ಹೊತ್ತು ತೋಟದಲ್ಲಿರುತ್ತದೆ. ಹಳೆಯದು ಪ್ರಶ್ನೆಪತ್ರಿಕೆಗಳ ಜೊತೆ ಸೋಗೆ ಮೇಲೆ.