ಉಲ್ಲೇಖಪಟ್ಟಿ ಸರಿಮಾಡಿಕೊಡುತ್ತೇವೆ ಎನ್ನುವವರಿಗೆ ಹಸ್ತಪ್ರತಿ ಕೊಡುವ ಮುನ್ನ

ಪುಣೆಯಲ್ಲಿ ಸಂಶೋಧನೆ ಮಾಡುತ್ತಿರುವ ಕನ್ನಡಿಗರು, ಅದರಲ್ಲೂ ಪಿಎಚ್‌.ಡಿ. ಮುಗಿಸುವ ಒತ್ತಡದಲ್ಲಿರುವವರು, ಇದನ್ನು ದಯವಿಟ್ಟು ಪೂರ್ತಿ ಓದಬೇಕು. ಇಲ್ಲಿನ ಪೇಠೆಗಳಲ್ಲಿ ಝೆರಾಕ್ಸ್, ಡಿಟಿಪಿ, ಪ್ರಬಂಧದ ಬೈಂಡಿಂಗ್ ಮಾಡುವ ಅಂಗಡಿಗಳ ನಡುವೆ ‘ಜರ್ನಲ್ ಫಾರ್ಮ್ಯಾಟಿಂಗ್’ ಎಂದು ಫಲಕ ಹಾಕಿಕೊಂಡವರಿದ್ದಾರೆ. ಅವರೆಲ್ಲರೂ ಮೋಸಗಾರರೆಂದು ನಾನು ಹೇಳುತ್ತಿಲ್ಲ. ಆದರೆ ನಮ್ಮ ಲೇಖನದ ಉಲ್ಲೇಖಗಳನ್ನು ಕೆಡಿಸಿ, ಹಣವನ್ನೂ ನುಂಗಿ, ಕೊನೆಗೆ ನನಗೇ ಬುದ್ಧಿ ಹೇಳಿದ ಒಬ್ಬ ವ್ಯಕ್ತಿ ಕೆಲಸ ಮಾಡುವ ರೀತಿಯನ್ನು ಬರೆಯದೆ ಸುಮ್ಮನಿರಲು ನನ್ನಿಂದ ಆಗುತ್ತಿಲ್ಲ.

ನಮ್ಮದು ಸಹ್ಯಾದ್ರಿಯ ಲ್ಯಾಟರೈಟ್ ಪ್ರಸ್ಥಭೂಮಿಗಳ ಮಣ್ಣಿನಲ್ಲಿರುವ ಬ್ಯಾಕ್ಟೀರಿಯಾಗಳ ಕುರಿತ ಲೇಖನ. ಮೊದಲ ಸಲ್ಲಿಕೆಗೆ ಉಲ್ಲೇಖಗಳು ಯಾವ ಶೈಲಿಯಲ್ಲಿದ್ದರೂ ಅಡ್ಡಿಯಿಲ್ಲ ಎಂದಿದ್ದ ಜರ್ನಲ್, ತಿದ್ದಿದ ಪ್ರತಿಗೆ ಮಾತ್ರ ಉಲ್ಲೇಖಗಳಿಗೆ ಅಂಕಿ ಕೊಡುವ ವ್ಯಾಂಕೂವರ್ ಶೈಲಿಯೇ ಬೇಕೆಂದು ಕೇಳಿತು. ಉಲ್ಲೇಖಗಳನ್ನು ಜೋಡಿಸಿಡುವ ತಂತ್ರಾಂಶಗಳಲ್ಲಿ ನಾನು ಝೊಟೆರೋ ಬಳಸಿದ್ದೆ, ಒಬ್ಬ ಸಹಲೇಖಕರು ಮೆಂಡಲೆ ಬಳಸಿದ್ದರು, ನಮ್ಮ ಹಿರಿಯ ಮಾರ್ಗದರ್ಶಕರು ತಮ್ಮ ಭಾಗವನ್ನು ಕೈಯಿಂದಲೇ ಟೈಪ್ ಮಾಡಿದ್ದರು. ಇವೆಲ್ಲವನ್ನೂ ತಂತ್ರಾಂಶದ ಒಂದೇ ಸಂಗ್ರಹಕ್ಕೆ ತಂದು, ಹೆಸರು ಮತ್ತು ವರ್ಷದ ಕ್ರಮದಿಂದ ಅಂಕಿಗಳ ಕ್ರಮಕ್ಕೆ ಬದಲಾಯಿಸುವುದು ಎಷ್ಟು ಬೇಸರದ ಕೆಲಸವೆಂಬುದು ಮಾಡಿದವರಿಗೆ ಗೊತ್ತು. ಪರೀಕ್ಷೆಯ ಮೌಲ್ಯಮಾಪನವೂ ಅದೇ ಹೊತ್ತಿಗೆ ತಲೆಯ ಮೇಲಿತ್ತು. ಪರಿಚಯದವರೊಬ್ಬರು, ‘ನಮ್ಮ ಕಡೆಯವರೇ, ಕನ್ನಡದಲ್ಲೇ ಮಾತಾಡುತ್ತಾರೆ’ ಎಂದು ಒಂದು ಸಂಖ್ಯೆ ಕೊಟ್ಟರು.

ಫೋನಿನಲ್ಲಿ ಆತ ಆಡಿದ ಮಾತುಗಳು ನನಗೆ ಇಂದಿಗೂ ಹಾಗೆಯೇ ನೆನಪಿವೆ. ‘ಅಕ್ಕಾರ, ನೀವು ಚಿಂತಿ ಬಿಡ್ರಿ. ಎಲ್ಲಾ ಝೊಟೆರೋದಾಗ ಹಾಕಿ, ಫೀಲ್ಡ್ ಸಮೇತ ವರ್ಡ್ ಫೈಲ್ ಕೊಡ್ತೀವಿ. ನಾಳೆ ಒಂದು ರೆಫರೆನ್ಸ್ ಸೇರಿಸಿದ್ರೂ ನಂಬರ್ ತಾವ ಬದಲಾಗ್ತಾವ.’ ಫೀಲ್ಡ್ ಎಂದರೆ ವರ್ಡ್ ಫೈಲಿನಲ್ಲಿರುವ ಅಂಕಿಯನ್ನು ಝೊಟೆರೋಗೆ ಜೋಡಿಸುವ ಒಳಗಿನ ಸಂಕೇತ. ಕೇಳಬೇಕಾದ್ದನ್ನೆಲ್ಲ ಕೇಳಿಯೇ ನಾನು ಮುಂಗಡ ಕಳಿಸಿದೆ. ಕೆಲಸ ಮುಗಿಯಿತೆಂದು ಮೊದಲು ಬಂದದ್ದು ಪಿಡಿಎಫ್ ಮಾತ್ರ. ನೋಡಲು ಅಚ್ಚುಕಟ್ಟಾಗಿತ್ತು: ಚೌಕ ಆವರಣದಲ್ಲಿ ಅಂಕಿಗಳು, ಆರು ಲೇಖಕರ ಬಳಿಕ ‘ಎಟ್ ಆಲ್’, ಪ್ರತಿ ಉಲ್ಲೇಖದ ಕೊನೆಗೂ ಡಿಒಐ, ಅಂದರೆ ಲೇಖನವನ್ನು ಅಂತರಜಾಲದಲ್ಲಿ ಗುರುತಿಸುವ ಶಾಶ್ವತ ಸಂಖ್ಯೆ. ಬಾಕಿ ಹಣ ಪಾವತಿಯಾದ ಮೇಲೆಯೇ ವರ್ಡ್ ಫೈಲ್ ಕೈಗೆ ಬಂತು.

ಪರಿಶೀಲಕರೊಬ್ಬರು ಕೇಳಿದ್ದ ಒಂದು ಪ್ಯಾರಾ ಸೇರಿಸಲು ಆ ಫೈಲ್ ತೆರೆದಾಗ ಮೊದಲ ಸಂಗತಿ ಬಯಲಾಯಿತು. ಅಂಕಿಯ ಮೇಲೆ ಕ್ಲಿಕ್ ಮಾಡಿದರೆ ಫೀಲ್ಡ್ ಇದ್ದಾಗ ಕಾಣುವ ಬೂದು ಬಣ್ಣವೇ ಬರಲಿಲ್ಲ. ಝೊಟೆರೋ ಇಲ್ಲ, ಮೆಂಡಲೆ ಇಲ್ಲ, ಬರೀ ಟೈಪ್ ಮಾಡಿದ ಅಂಕಿಗಳು. ಒಂದು ಉಲ್ಲೇಖ ನಡುವೆ ಸೇರಿದರೂ ಅದರ ಮುಂದಿನವನ್ನೆಲ್ಲ ಕೈಯಿಂದ ತಿದ್ದಬೇಕು. ವ್ಯಾಂಕೂವರ್ ಶೈಲಿಯಲ್ಲಿ ಉಲ್ಲೇಖಗಳಿಗೆ ಪಠ್ಯದಲ್ಲಿ ಮೊದಲು ಕಾಣಿಸಿಕೊಂಡ ಕ್ರಮದಲ್ಲೇ ಅಂಕಿ ಬೀಳಬೇಕು. ಕೋಷ್ಟಕದಲ್ಲಿ ಮಾತ್ರ ಬರುವ ಉಲ್ಲೇಖಕ್ಕೆ, ಆ ಕೋಷ್ಟಕದ ಪ್ರಸ್ತಾಪ ಪಠ್ಯದಲ್ಲಿ ಮೊದಲು ಎಲ್ಲಿ ಬರುತ್ತದೆಯೋ ಅಲ್ಲಿನ ಸರದಿಯ ಅಂಕಿ ಸಿಗಬೇಕು. ಈತ ಪಟ್ಟಿಯನ್ನು ಅಕಾರಾದಿಯಲ್ಲಿ ಜೋಡಿಸಿ, ಅದಕ್ಕೇ ಒಂದರಿಂದ ಅಂಕಿ ಕೊಟ್ಟುಬಿಟ್ಟಿದ್ದ. ಹಾಗಾಗಿ ನಮ್ಮ ಲೇಖನದ ಮೊದಲ ವಾಕ್ಯದಲ್ಲೇ 41 ಎಂಬ ಅಂಕಿ ಕುಳಿತಿತ್ತು. ಶೀರ್ಷಿಕೆಗಳಲ್ಲಿದ್ದ ಸ್ಯೂಡೋಮೊನಾಸ್, ಬ್ಯಾಸಿಲಸ್‌ನಂಥ ಕುಲನಾಮಗಳ ಓರೆ ಅಕ್ಷರಗಳು ನೆಟ್ಟಗಾಗಿದ್ದವು, ದೊಡ್ಡ ಅಕ್ಷರ ಚಿಕ್ಕದಾಗಿತ್ತು. ಸೂಕ್ಷ್ಮಾಣುಶಾಸ್ತ್ರದ ಲೇಖನದಲ್ಲಿ ಇದು ಎಂಥ ಅವಮಾನ!

ಇಷ್ಟೇ ಆಗಿದ್ದರೆ ಹಣೆಬರಹವೆಂದು ಕುಳಿತು ತಿದ್ದಿಕೊಳ್ಳುತ್ತಿದ್ದೆ. ಪಟ್ಟಿಯಲ್ಲಿ ನನ್ನದೇ ಹಿಂದಿನ ಲೇಖನವೊಂದು ಕಣ್ಣಿಗೆ ಬಿತ್ತು. ನನ್ನ ಹೆಸರಿನ ಮುಂದಿನ ಇನಿಶಿಯಲ್‌ಗಳಲ್ಲಿ ಒಂದು ಊರಿನದು, ಒಂದು ತಂದೆಯವರದು. ಆ ಇನಿಶಿಯಲ್ ಒಂದನ್ನೇ ಮನೆತನದ ಹೆಸರೆಂದು ಮುಂದಕ್ಕೆ ತಂದು ನಿಲ್ಲಿಸಲಾಗಿತ್ತು. ಅದು ಹೋಗಲಿ ಎಂದರೆ, ನಾನು ಎಂದೂ ಕಂಡರಿಯದ ಒಬ್ಬ ಸಹಲೇಖಕ ಅಲ್ಲಿದ್ದ. ಸಂಪುಟದ ಸಂಖ್ಯೆ ಬೇರೆ, ವರ್ಷ ಬೇರೆ. ನಾನೇ ಬರೆದ ಲೇಖನ! ಕೈ ನಡುಗುತ್ತಲೇ ಡಿಒಐ ಒತ್ತಿದರೆ, ‘ಸಿಗಲಿಲ್ಲ’ ಎಂಬ ಪುಟ ತೆರೆಯಿತು. 10ರಿಂದ ಶುರುವಾಗುವ ಮೊದಲ ಭಾಗ ನಿಜವಾಗಿಯೂ ಆ ಪ್ರಕಾಶಕರದೇ. ಓರೆಗೆರೆಯ ನಂತರದ ಭಾಗ ಮಾತ್ರ ಶುದ್ಧ ಕಟ್ಟುಕಥೆ. ಕಣ್ಣಾಡಿಸಿ ನೋಡುವವರಿಗೆ ಇದು ಹೇಗೆ ಗೊತ್ತಾಗಬೇಕು? ನಮ್ಮ ಮಾರ್ಗದರ್ಶಕರು ಉಲ್ಲೇಖಿಸಿದ್ದ 1980ರ ದಶಕದ ಒಂದು ಕಾಲೇಜು ಪತ್ರಿಕೆ, ಡಿಒಐ ಎಂಬುದು ಹುಟ್ಟುವ ಮೊದಲೇ ನಿಂತುಹೋಗಿತ್ತು. ಅದಕ್ಕೂ ಒಂದು ಡಿಒಐ ಅಂಟಿಸಲಾಗಿತ್ತು. ಟೈಪ್ ಮಾಡುವವರ ಕೈತಪ್ಪಿನಿಂದ ಇಂಥದ್ದು ಆಗುವುದಿಲ್ಲ. ನಮ್ಮ ಪಟ್ಟಿಯನ್ನು ಯಾವುದೋ ಚಾಟ್‌ಬಾಟ್‌ಗೆ ಸುರಿದು, ಅದು ಉಗುಳಿದ್ದನ್ನು ಹಾಗೆಯೇ ಅಂಟಿಸಲಾಗಿದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಫೋನ್ ಮಾಡಿದೆ. ‘ಅಕ್ಕಾರ, ಸ್ಟೈಲ್ ಸರಿ ಐತಲ್ರಿ? ಮಾಹಿತಿ ನಿಮ್ಮ ಜವಾಬ್ದಾರಿ. ನಾವು ಫಾರ್ಮ್ಯಾಟ್ ಅಷ್ಟ ಮಾಡ್ತೀವಿ’ ಎಂದ. ನಾನು ಕೊಟ್ಟಾಗ ಸರಿಯಿದ್ದ ಮಾಹಿತಿ ನಿಮ್ಮಲ್ಲಿಗೆ ಬಂದು ಹೇಗೆ ಬದಲಾಯಿತು ಎಂದು ಕೇಳಿದರೆ, ‘ಸಾಫ್ಟ್‌ವೇರ್ ಮಾಡಿದ್ದಕ್ಕ ನಾವೇನ್ ಮಾಡೋಣ್ರಿ’ ಎಂದ. ಫೀಲ್ಡ್ ಎಲ್ಲಿ ಎಂದರೆ, ಅದು ಬೇರೆ ಪ್ಯಾಕೇಜು. ಡಿಒಐ ಪರಿಶೀಲನೆ ಮತ್ತೊಂದು ಪ್ಯಾಕೇಜು. ಮೊದಲ ದಿನ ‘ಫೀಲ್ಡ್ ಸಮೇತ’ ಎಂದ ಬಾಯಿ ಇದೇ ಅಲ್ಲವೇ? ನನ್ನನ್ನು ಹೆಚ್ಚು ಕೆರಳಿಸಿದ್ದು ಮಾತ್ರ ಮುಂದಿನ ಮಾತು: ‘ಹೋಗ್ಲಿ ಬಿಡ್ರಿ, ರೆಫರೆನ್ಸ್ ಯಾರ್ ಓದ್ತಾರ? ಎಡಿಟರ್ ಏನ್ ಒಂದೊಂದ ಕ್ಲಿಕ್ ಮಾಡಿ ನೋಡ್ತಾರೇನು?’ ಹಣ ವಾಪಸು ಕೇಳಿದ ಕೂಡಲೇ ಆತ ಕನ್ನಡವನ್ನೇ ಬಿಟ್ಟ. ‘ಆಧೀ ಸಾಂಗಾಯ್ಲಾ ಹವಂ ಹೋತಂ, ಮ್ಯಾಡಮ್’, ಮೊದಲೇ ಹೇಳಬೇಕಿತ್ತಂತೆ. ಆಮೇಲೆ ನನ್ನ ಸಂಖ್ಯೆಯನ್ನೇ ಬ್ಲಾಕ್ ಮಾಡಿದ.

ಉಲ್ಲೇಖಗಳನ್ನು ಓದುವವರಿದ್ದಾರೆ. ಇಲ್ಲದ ಲೇಖನವೊಂದು ನಮ್ಮ ಹೆಸರಿನಡಿ ಅಚ್ಚಾಗಿದ್ದರೆ ಸಂಪಾದಕರು ಆತನನ್ನು ಕೇಳುತ್ತಿರಲಿಲ್ಲ, ನಮ್ಮನ್ನು ಕೇಳುತ್ತಿದ್ದರು. ವೈದ್ಯಕೀಯ ಜರ್ನಲ್ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯ ಶಿಫಾರಸುಗಳು ಕೂಡ, ಹಿಂತೆಗೆದುಕೊಂಡ ಲೇಖನಗಳು ಪಟ್ಟಿಯಲ್ಲಿ ನುಸುಳದಂತೆ ನೋಡಿಕೊಳ್ಳುವ ಹೊಣೆಯನ್ನು ಲೇಖಕರ ಮೇಲೆಯೇ ಹೊರಿಸಿವೆ. ಎಪ್ಪತ್ತು ದಾಟಿದ ನಮ್ಮ ಮಾರ್ಗದರ್ಶಕರಿಗೆ ಈ ವಿಷಯ ತಿಳಿಸುವಾಗ ನನಗಾದ ಸಂಕೋಚಕ್ಕೆ ಆತ ಯಾವ ಪ್ಯಾಕೇಜಿನಲ್ಲಿ ಪರಿಹಾರ ಕೊಡುತ್ತಾನೆ? ಸಂಪಾದಕರಿಗೆ ಪತ್ರ ಬರೆದು ಗಡುವು ವಿಸ್ತರಿಸಿಕೊಂಡು, ಇಡೀ ಪಟ್ಟಿಯನ್ನು ಝೊಟೆರೋದಲ್ಲಿ ಮೊದಲಿನಿಂದ ಕಟ್ಟಿದೆವು. ಡಿಒಐ ಇದ್ದವು, ಅದನ್ನು ಕೊಟ್ಟರೆ ವಿವರಗಳನ್ನು ತಾನೇ ತುಂಬುವ ಮಾಂತ್ರಿಕದಂಡದ ಗುಂಡಿಯಿಂದ ಬೇಗ ಬಂದವು, ಹಳೆಯವನ್ನು ಮೂಲಪ್ರತಿ ಮುಂದಿಟ್ಟುಕೊಂಡು ತುಂಬಬೇಕಾಯಿತು. ಝೊಟೆರೋ ಉಚಿತ, ವ್ಯಾಂಕೂವರ್ ಶೈಲಿಯೂ ಅದರಲ್ಲಿ ಉಚಿತ.

ಹೊರಗೆ ಕೊಡಲೇಬೇಕಾದ ಪರಿಸ್ಥಿತಿ ಬಂದರೆ, ಪಿಡಿಎಫ್ ನೋಡಿ ಬಾಕಿ ಹಣ ಕೊಡಬೇಡಿ. ಮೊದಲ ಎರಡು ಪುಟಗಳ ವರ್ಡ್ ಫೈಲ್ ತರಿಸಿಕೊಂಡು ಆಲ್ಟ್ ಮತ್ತು ಎಫ್9 ಕೀಲಿಗಳನ್ನು ಒಟ್ಟಿಗೆ ಒತ್ತಿ; ಅಂಕಿಗಳ ಜಾಗದಲ್ಲಿ ಝೊಟೆರೋ ಹೆಸರಿರುವ ಉದ್ದನೆಯ ಸಂಕೇತ ಕಾಣದಿದ್ದರೆ ಅಲ್ಲಿಗೇ ವ್ಯವಹಾರ ನಿಲ್ಲಿಸಿ. ಡಿಒಐಗಳನ್ನು ಒಂದೊಂದಾಗಿ ತೆರೆದು ನೋಡಿ, ನಿಮ್ಮ ಸ್ವಂತ ಲೇಖನಗಳದ್ದನ್ನೂ ಬಿಡಬೇಡಿ. ‘ನಮ್ಮ ಕಡೆಯವರು’ ಎಂಬ ಮಾತಿಗೆ ಒಂದು ರೂಪಾಯಿಯ ರಿಯಾಯಿತಿಯನ್ನೂ ಕೊಡಬೇಡಿ. ಆತ ಇನ್ನೂ ಹೊಸ ಸಂಖ್ಯೆಯಿಂದ ವಾಟ್ಸಾಪ್ ಗುಂಪುಗಳಲ್ಲಿ ಅದೇ ಜಾಹೀರಾತು ಹಾಕುತ್ತಿದ್ದಾನೆ. ನನ್ನ ಹಣ ಈವರೆಗೆ ಬಂದಿಲ್ಲ.